ಓಎಸ್ ಸೋರ್ಸ್ ಕೋಡ್ ಓದ್ಬೇಕಾ? ಲಿನಕ್ಸ್ ಆಮೇಲೆ ನೋಡ್ಕೊಳ್ಳಿ

ಆಪರೇಟಿಂಗ್ ಸಿಸ್ಟಮ್ ಸೋರ್ಸ್ ಕೋಡ್ ಎಲ್ಲಿ ಸಿಗುತ್ತೆ ಅಂತ ಕೆಲಸಕ್ಕೆ ಹೊಸದಾಗಿ ಸೇರಿದವ್ರು ಕೇಳ್ತಾನೇ ಇರ್ತಾರೆ. ಸಿಗೋದೇನೂ ಕಷ್ಟ ಇಲ್ಲ, ಕರ್ನಲ್ ಡಾಟ್ ಆರ್ಗ್‌ಗೆ ಹೋದ್ರೆ ಲಿನಕ್ಸ್ ಪೂರ್ತಿ ಅಲ್ಲೇ ಇದೆ. ಗಿಟ್‌ನಲ್ಲಿ ಕ್ಲೋನ್ ಮಾಡೋದಾದ್ರೆ ಡೆಪ್ತ್ 1 ಅಂತ ಕೊಡಿ, ಇಲ್ಲಾಂದ್ರೆ 2005ರಿಂದ ಈಚಿನ ಹಿಸ್ಟರಿ ಎಲ್ಲಾ ಇಳಿಯೋವರ್ಗೂ ಕಾಯ್ತಾ ಕೂತ್ಕೋಬೇಕು. ಸರಿ, ಇಳಿಸ್ಕೊಂಡ್ರಿ. ಎರಡೂವರೆ ಕೋಟಿ ಲೈನ್ ದಾಟಿರೋ ಕೋಡು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ, ಎಲ್ಲಿಂದ ಶುರು ಮಾಡ್ತೀರಾ?

ನಾನು ಹೇಳೋದು ಎಕ್ಸ್‌ವಿ6 ಅನ್ನೋ ಪುಟ್ಟ ಓಎಸ್. ಎಂಐಟಿಯವ್ರು ಪಾಠಕ್ಕೆ ಅಂತ 2006ರಲ್ಲಿ ಶುರು ಮಾಡಿದ್ದು, 1975ರ ಯುನಿಕ್ಸ್ ಆರನೇ ಆವೃತ್ತಿಯ ಮಾದರಿ ಇಟ್ಕೊಂಡು ಈಗಿನ ಸಿ ಭಾಷೇಲಿ ಹೊಸದಾಗಿ ಬರೆದದ್ದು. ಗಿಟ್‌ಹಬ್‌ನಲ್ಲಿದೆ, ಲೈಸೆನ್ಸ್ ತಕರಾರೂ ಇಲ್ಲ. ಈಗಿನ ವರ್ಷನ್ ರಿಸ್ಕ್-ಫೈವ್ ಅನ್ನೋ ಥರದ ಪ್ರೊಸೆಸರ್‌ಗೆ ಬರೆದಿರೋದು, ಆದ್ರೆ ಆ ಮೆಷಿನ್ ನಿಮ್ಮತ್ರ ಇರ್ಬೇಕು ಅಂತೇನಿಲ್ಲ, ಕ್ರಾಸ್ ಕಂಪೈಲರ್ (ಬೇರೆ ಥರದ ಮೆಷಿನ್‌ಗೆ ಕೋಡ್ ತಯಾರು ಮಾಡೋದು) ಮತ್ತೆ ಕ್ಯೂಇಎಂಯು (ಆ ಮೆಷಿನ್ ಥರಾನೇ ನಟಿಸೋ ಸಾಫ್ಟ್‌ವೇರ್) ಹಾಕ್ಕೊಂಡು 'ಮೇಕ್ ಕ್ಯೂಇಎಂಯು' ಅಂತ ಹೊಡೆದ್ರೆ ಬೂಟ್ ಆಗಿ ಡಾಲರ್ ಪ್ರಾಂಪ್ಟ್ ಬರುತ್ತೆ. (ಹೊರಗೆ ಬರೋಕೆ ಕಂಟ್ರೋಲ್-ಎ ಒತ್ತಿ, ಬಿಟ್ಟು, ಎಕ್ಸ್. ಇದು ಗೊತ್ತಿಲ್ದೆ ಟರ್ಮಿನಲ್ಲೇ ಮುಚ್ಚಿ ಹಾಕೋರು ಬೇಕಾದಷ್ಟು ಜನ.)

ಬರೀ ಓದ್ಬೇಡಿ, ಕೈ ಹಾಕಿ. ಕರ್ನಲ್ (ಓಎಸ್‌ನ ತಿರುಳು) ಫೋಲ್ಡರಲ್ಲಿ ಸಿಸ್ಕಾಲ್.ಸಿ ಅಂತ ಫೈಲಿದೆ (ಸಿಸ್ಕಾಲ್ ಅಂದ್ರೆ ಸಿಸ್ಟಮ್ ಕಾಲ್, ಪ್ರೋಗ್ರಾಮು ಕರ್ನಲ್‌ಗೆ ಕೆಲಸ ಹೇಳೋ ದಾರಿ), ಅದ್ರೊಳಗಿನ ಸಿಸ್ಕಾಲ್ ಫಂಕ್ಷನ್ ಪ್ರೊಸೆಸರ್‌ನ ಎ7 ರಿಜಿಸ್ಟರಲ್ಲಿ ಬಂದ ನಂಬರ್ ನೋಡಿ ಯಾವ ಕೆಲಸ ಅಂತ ತೀರ್ಮಾನ ಮಾಡುತ್ತೆ. ಅಲ್ಲಿ ಒಂದೇ ಒಂದು ಪ್ರಿಂಟ್‌ಎಫ್ ಹಾಕಿ ಆ ನಂಬರ್ ಪ್ರಿಂಟ್ ಮಾಡ್ಸಿ, ಮತ್ತೆ ಬಿಲ್ಡ್ ಮಾಡಿ, ಎಲ್‌ಎಸ್ ಅಂತ ಟೈಪ್ ಮಾಡಿ. ಸ್ಕ್ರೀನ್ ತುಂಬಾ 16, 16, 16. ರೈಟ್ (write, ಅಂದ್ರೆ ಬರೆಯೋ) ಸಿಸ್ಟಮ್ ಕಾಲ್‌ನ ನಂಬರ್ ಅದು, ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಕರ್ನಲ್ ಒಳಗೆ ಹೋಗಿ ಬರ್ತಿದೆ, ಯಾಕಂದ್ರೆ ಎಕ್ಸ್‌ವಿ6ನ ಯೂಸರ್ ಕಡೆ ಪ್ರಿಂಟ್‌ಎಫ್‌ಗೆ ಬಫರೇ ಇಲ್ಲ. ನಾವು ದಿನಾ ಬಳಸೋ ಸಿ ಲೈಬ್ರರಿ ಅಕ್ಷರಗಳನ್ನ ಕೂಡಿಟ್ಟು ಒಟ್ಟಿಗೆ ಯಾಕೆ ಕಳ್ಸುತ್ತೆ ಅನ್ನೋದು ಇದನ್ನ ನೋಡಿದ ಮೇಲೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಪಾಠಕ್ಕೆ ಅಂತಾನೇ ಬರೆದ ಇನ್ನೊಂದು ಓಎಸ್ ಮಿನಿಕ್ಸೂ ಒಳ್ಳೇದೇ. ಹಳೇದ್ರ ಹುಚ್ಚಿದ್ರೆ ಮೂಲ ಯುನಿಕ್ಸ್ ಕೋಡನ್ನೇ ಕಾಲ್ಡೆರಾ ಕಂಪನಿ 2002ರಲ್ಲಿ ಬಿಡುಗಡೆ ಮಾಡಿದೆ, ಎಂಎಸ್-ಡಾಸ್ 4.0 ಕೂಡ 2024ರಲ್ಲಿ ಹೊರಗೆ ಬಂತು, ಹೆಚ್ಚಾಗಿ ಅಸೆಂಬ್ಲಿ, ತಾಳ್ಮೆ ಬೇಕು. ಲೀಕ್ ಆಗಿರೋ ವಿಂಡೋಸ್ ಕೋಡ್ ಮಾತ್ರ ಮುಟ್ಬೇಡಿ, ಅದನ್ನ ನೋಡಿದವ್ರ ಕೋಡನ್ನ ರಿಯಾಕ್ಟ್‌ಓಎಸ್ (ವಿಂಡೋಸ್ ಪ್ರೋಗ್ರಾಮುಗಳು ಓಡೋ ಹಾಗೆ ಹೊಸದಾಗಿ ಬರೀತಿರೋ ಓಎಸ್) ಥರದ ಪ್ರಾಜೆಕ್ಟುಗಳು ತಗೊಳ್ಳೋದೇ ಇಲ್ಲ.

ಎಕ್ಸ್‌ವಿ6ನಲ್ಲಿ ರೈಟ್ ದಾರಿ ಪೂರ್ತಿ ಗೊತ್ತಾದ್ಮೇಲೆ ಲಿನಕ್ಸಲ್ಲಿ ಅದೇ ರೈಟ್ ಹುಡುಕಿ. ಸಿಸ್_ರೈಟ್ ಅನ್ನೋ ಹೆಸರಲ್ಲಿ ಫಂಕ್ಷನ್ ಬರೆದಿರೋದು ಕರ್ನಲ್‌ನ ಕೋಡಲ್ಲಿ ಕಾಣಲ್ಲ, ಗಾಬರಿ ಆಗ್ಬೇಡಿ, ಆ ಹೆಸರನ್ನ ಒಂದು ಮ್ಯಾಕ್ರೋ (ಕಂಪೈಲ್ ಆಗೋ ಮುಂಚೆ ಬೇರೆ ಕೋಡಾಗಿ ಬದಲಾಗೋ ಹೆಸರು) ತಯಾರು ಮಾಡುತ್ತೆ. ಎಫ್‌ಎಸ್ ಫೋಲ್ಡರಲ್ಲಿ ರೀಡ್_ರೈಟ್.ಸಿ ತೆಗೆದು ಸಿಸ್ಕಾಲ್_ಡಿಫೈನ್3 ಅಂತ ಹುಡುಕಿ, ಸಿಗುತ್ತೆ.