ಸಂಗೀತ ಮೇಷ್ಟ್ರಾಗುವವರು ಡಿಗ್ರಿಗೆ ಯಾವ ವಿಷಯ ಹಿಡಿಯಬೇಕು?

ಪಿಯುಸಿ ಫಲಿತಾಂಶ ಬಂತೆಂದರೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಮಾತೇ ಜಾಸ್ತಿ. ಅದರ ನಡುವೆಯೂ ಒಂದಿಬ್ಬರು ಬಂದು, "ಗುರುಗಳೇ, ಸಂಗೀತದಲ್ಲಿ ಡಿಗ್ರಿ ಮಾಡಿ ಸ್ಕೂಲಲ್ಲಿ ಮೇಷ್ಟ್ರಾಗ್ಬೇಕು. ಗಾಯನ ತಗೊಳ್ಲಾ, ತಬಲಾ ತಗೊಳ್ಲಾ?" ಅಂತ ಕೇಳುತ್ತಾರೆ. ಕೇಳಿದಾಗ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಕಛೇರಿ ಮಾಡುವವರ ಲೆಕ್ಕ ಬೇರೆ, ತರಗತಿಯಲ್ಲಿ ನಿಲ್ಲುವವರ ಲೆಕ್ಕ ಬೇರೆ.

ಮೊದಲು ಹಿಂದೂಸ್ತಾನಿಯೋ ಕರ್ನಾಟಕಿಯೋ ಎಂಬುದು. ತುಂಗಭದ್ರೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕಿ ಎಂದು ಹಿರಿಯರು ಹೇಳುವುದುಂಟು. ನಮ್ಮ ಊರಿಗೆ ಆ ಗೆರೆ ಹೊಂದುವುದಿಲ್ಲ. ಗದಗಿನ ಪುಟ್ಟರಾಜ ಗವಾಯಿಗಳು ಎರಡರಲ್ಲೂ ಪಂಡಿತರಾಗಿದ್ದರು. ಅವರ ಪರಂಪರೆಯಲ್ಲಿ ಕಲಿತವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿಕ್ಕಂದಿನಿಂದ ಯಾವುದನ್ನು ಕಲಿತಿದ್ದೀರೋ ಅದನ್ನೇ ಮುಂದುವರಿಸಿ. ಭೂಪ, ಯಮನ್‌ನಂಥ ಹಿಂದೂಸ್ತಾನಿ ರಾಗ ಹಾಡಿಕೊಂಡು ಬೆಳೆದ ಹುಡುಗ ಡಿಗ್ರಿಯಲ್ಲಿ ಕರ್ನಾಟಕಿಯ ಮೊದಲ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ಶುರು ಮಾಡಿದರೆ ಮೂರು ವರ್ಷ ಸಾಲುವುದಿಲ್ಲ. ಕಾಲೇಜಿಗೆ ಸೇರುವ ಮುಂಚೆ ನಿಮ್ಮ ವಿಷಯಕ್ಕೆ ಅಲ್ಲಿ ಈಗ ಪಾಠ ಮಾಡುವವರು ಯಾರು ಅಂತ ಹೋಗಿ ವಿಚಾರಿಸಿ. ಸುಮ್ನೆ ಪ್ರಾಸ್ಪೆಕ್ಟಸ್ ನಂಬಬೇಡಿ.

ಗಾಯನ ತೆಗೆದುಕೊಂಡವರಿಗೆ ಶಾಲೆಯಲ್ಲಿ ಅನುಕೂಲ ಹೆಚ್ಚು, ನಿಜ. ಆದರೆ ಹಾಡಲು ಬಂದರೆ ಸಾಕು, ಮಕ್ಕಳಿಗೆ ಹೇಳಿಕೊಡಲೂ ಬರುತ್ತದೆ ಎಂದುಕೊಳ್ಳಬಾರದು. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ (ಕೀಲಿಯ) ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ. ಕರ್ನಾಟಕಿಯವರು ಅದನ್ನೇ ಒಂದೂವರೆ ಮನೆ ಎನ್ನುತ್ತಾರೆ. ಮೇಷ್ಟ್ರು ತಮ್ಮ ಷಡ್ಜ (ಆಧಾರ ಸ್ವರ) ಹಿಡಿದು "ಸಾ" ಎಂದರೆ, ಆರನೇ ಕ್ಲಾಸಿನ ಕೆಲವು ಹುಡುಗರು ಅದೇ ತಗ್ಗಿನ ಸ್ಥಾಯಿಗೆ (ಏಳು ಸ್ವರಗಳ ಸುತ್ತಿಗೆ) ಇಳಿಯಲು ಹೋಗಿ ಗಂಟಲಲ್ಲೇ ಗೊಣಗುತ್ತಾರೆ. ನೋಡಿದವರು "ಈ ಹುಡುಗನಿಗೆ ಶ್ರುತಿಜ್ಞಾನ ಇಲ್ಲ" ಅಂದುಬಿಡುತ್ತಾರೆ. ಎಷ್ಟು ಅನ್ಯಾಯ ಅಲ್ವಾ? ಅದೇ ಸ್ವರವನ್ನು ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಿ ತೋರಿಸಿ. ಅವರಲ್ಲಿ ಎಷ್ಟೋ ಜನ ಸಲೀಸಾಗಿ ಹಿಡಿಯುತ್ತಾರೆ. ಎಂಟು, ಒಂಬತ್ತನೇ ತರಗತಿಗೆ ಬಂದರೆ ಹುಡುಗರ ಗಂಟಲು ಒಡೆಯುತ್ತದೆ. ಆಗ ಐದಾರು ಸ್ವರದೊಳಗೆ ಮುಗಿಯುವ ಹಾಡು ಆರಿಸಬೇಕು, ಶ್ರುತಿ ಬದಲಿಸಬೇಕು. ಹಾರ್ಮೋನಿಯಂ ಮೇಲೆ ಕೈ ಓಡದವರಿಗೆ ಇದು ಕಷ್ಟ. ಹಾಗಾಗಿ ಮುಖ್ಯ ವಿಷಯ ಏನೇ ಇರಲಿ, ಹಾರ್ಮೋನಿಯಂ ಬಿಡಬೇಡಿ. ಡಿಗ್ರಿಯಲ್ಲಿ ಅವಕಾಶ ಸಿಗದಿದ್ದರೆ ಹೊರಗೆ ಕಲಿಯಿರಿ. ನಾಟಕ ಕಂಪನಿಗಳ ಈ ಊರಲ್ಲಿ ಕಾಲಿನಿಂದ ತುಳಿದು ನುಡಿಸುವ ಕಾಲು ಹಾರ್ಮೋನಿಯಂ ನುಡಿಸಿದ ಹಿರಿಯರು ಇನ್ನೂ ಸಿಗುತ್ತಾರೆ. ಹಾಡುವವನ ಶ್ರುತಿಗೆ ತಕ್ಕಂತೆ ಆ ಕ್ಷಣವೇ ಮನೆ ಬದಲಿಸುವುದನ್ನು ಅವರ ಪಕ್ಕ ಕೂತು ಕಲಿಯಬೇಕು.

ತಬಲಾ ಚೆನ್ನಾಗಿ ಬರುವ ಹುಡುಗನಿಗೆ "ಕೆಲಸ ಸಿಗಲ್ಲ, ಗಾಯನ ತಗೋ" ಎಂದು ಮನೆಯವರು ಒತ್ತಾಯ ಮಾಡುವುದು ನನಗೆ ಇಷ್ಟವಿಲ್ಲ. ಕೇಂದ್ರೀಯ ವಿದ್ಯಾಲಯದ ಸಂಗೀತ ಶಿಕ್ಷಕರ ಹುದ್ದೆಗೂ ಸಂಗೀತ ಪದವಿಯನ್ನೇ ಕೇಳುತ್ತಾರೆ. ಲಯ ಗಟ್ಟಿ ಇರುವ ಮೇಷ್ಟ್ರು ಶಾಲೆಗೆ ಆಸ್ತಿ. ನಾಡಗೀತೆಯನ್ನೇ ನೋಡಿ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಹೇಳಿತು. ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆ ಒಟ್ಟಿಗೆ ಹಾಡುವಾಗ ಕೊನೆಯ ಸಾಲಿನ ಮಕ್ಕಳು ಹಿಂದೆ ಬೀಳುತ್ತಾರೆ, ಮುಂದಿನವರು ಓಡುತ್ತಾರೆ. ಅಲ್ಲಿ ಲಯ ಹಿಡಿದು ನಿಲ್ಲಿಸುವ ಕೈ ಬೇಕು. ತಬಲಾದವರು ಹಾಡಲು ಮಾತ್ರ ನಾಚಬಾರದು. ಒಂದು ವಚನ, ಒಂದು ಭಾವಗೀತೆ, ಒಂದು ಜನಪದ ಗೀತೆ ಶ್ರುತಿಗೆ ಸೇರುವ ಹಾಗೆ ಹಾಡಲು ಬರಬೇಕು.

ಇನ್ನೂ ಗೊಂದಲ ಇದ್ದರೆ, ಅರ್ಜಿ ತುಂಬುವ ಮುಂಚೆ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ ಒಂದೆರಡು ಪೀರಿಯಡ್ ಪಡೆಯಿರಿ. ಮಕ್ಕಳಿಗೆ ಒಂದೇ ಒಂದು ಹಾಡು ಪೂರ್ತಿ ಕಲಿಸಿ. ಎಲ್ಲಿ ತಡವರಿಸಿದಿರಿ, ದನಿಯಲ್ಲೋ, ತಾಳದಲ್ಲೋ, ಹಾರ್ಮೋನಿಯಂ ಮೇಲೋ, ಅದನ್ನು ಬರೆದುಕೊಂಡು ನಿಮ್ಮ ಗುರುಗಳ ಹತ್ತಿರ ಹೋಗಿ ಮಾತಾಡಿ.