ಹಕ್ಕಿಗೆ ಮರವೇ ಗುರುತು, ಮರಕ್ಕೆ ಹಕ್ಕಿ
ಹಕ್ಕಿ ಗುರುತಿಸಲು ಹೊರಟವರು ಮೊದಲು ನೋಡುವುದು ಬಣ್ಣ. ಮರ ಗುರುತಿಸುವವರು ಹುಡುಕುವುದು ಹೂವು. ಎರಡೂ ಕೈಕೊಡುವುದೇ ಜಾಸ್ತಿ. ಬೆಳಕಿಗೆ ಎದುರಾಗಿ ಕೂತ ಹಕ್ಕಿ ಯಾವುದಾದರೂ ಕಪ್ಪಗೇ ಕಾಣುತ್ತದೆ, ಇನ್ನು ಹೂವು ಕೆಲವು ವಾರ ಇದ್ದು ಉದುರಿಹೋಗುತ್ತದೆ. ಮೇಲೆ ಸುತ್ತು ಹಾಕುತ್ತಿರುವುದರ ಬಾಲದ ತುದಿ ಕವಲಾಗಿದ್ದರೆ ಅದು ಮಾಮೂಲಿ ಹದ್ದು, ದುಂಡಗಿದ್ದರೆ ಗರುಡ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಎಲ್ಲ ಆಮೇಲೆ ನೋಡಿದರಾಯಿತು. ಕೆಂಪು ಹೂವಿನ ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ಈ ಎರಡು ಮರಗಳ ಎಲೆಯೂ ಹೆಚ್ಚುಕಡಿಮೆ ಒಂದೇ ಥರ. ಹೂವಿಲ್ಲದ ಕಾಲದಲ್ಲಿ ಕಾಯಿ ನೋಡಿ: ಕತ್ತಿಯ ಹಾಗೆ ಉದ್ದಕ್ಕೆ ಜೋತಿದ್ದರೆ ಗುಲ್‌ಮೊಹರ್, ಚಿಕ್ಕದಾಗಿ ಚಪ್ಪಟೆಯಾಗಿ ತಾಮ್ರದ ಬಣ್ಣಕ್ಕಿದ್ದರೆ ಪೆಲ್ಟೊಫೋರಂ.

ಆದರೆ ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆ ಸುಳಿವು ಬೇರೆಯೇ ಇದೆ. ಯಾವ ಹಕ್ಕಿ ಯಾವ ಮರಕ್ಕೆ ಬಂದು ಏನು ಮಾಡುತ್ತಿದೆ ಅನ್ನುವುದು.

ನಿಮ್ಮ ಬೀದಿಯ ಮಾವಿನ ಮರವನ್ನೋ ಸಪೋಟವನ್ನೋ ಸ್ವಲ್ಪ ತಲೆಯೆತ್ತಿ ನೋಡಿ. ಕೊಂಬೆಯ ನಡುವೆ ಒಂದು ಕಡೆ ಮಾತ್ರ ಬೇರೆ ಥರದ ದಪ್ಪ ಎಲೆಗಳ ಗುಂಪು ಕಂಡರೆ ಅದು ಬದನಿಕೆ. ಬೇರನ್ನು ಕೊಂಬೆಯೊಳಗೆ ಇಳಿಸಿ ನೀರು ಕುಡಿಯುತ್ತದೆ, ಊಟ ಮಾತ್ರ ತನ್ನ ಎಲೆಯಲ್ಲೇ ಮಾಡಿಕೊಳ್ಳುತ್ತದೆ. ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಚಿಕ್ ಚಿಕ್ ಅಂತ ಕೂಗುತ್ತಾ ಬೂದು ಬಣ್ಣದ ಒಂದು ಪುಟಾಣಿ ಹಕ್ಕಿ ಬರಬಹುದು, ಉದ್ದ ಬರೀ 8 ಸೆಂಟಿಮೀಟರ್. ಅದರ ಹೆಸರೂ ಬದನಿಕೆ ಹಕ್ಕಿಯೇ. ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜದ ಸುತ್ತ ಎಷ್ಟು ಅಂಟು ಇರುತ್ತದೆಂದರೆ ಹಿಕ್ಕೆ ಹಾಕಿದ ಮೇಲೆ ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜಲೇಬೇಕು. ಬೀಜ ಅಲ್ಲೇ ಅಂಟುತ್ತದೆ, ಅಲ್ಲೇ ಮೊಳೆಯುತ್ತದೆ. ಮಾವು ಬೆಳೆದವರಿಗೆ ಇದು ಕಾಟವೇ, ಬಿಡಿ. ಅದೇ ಬದನಿಕೆಯ ಕೊಳವೆಯಂಥ ಹೂವಿಗೆ ಮಕರಂದ ಕುಡಿಯಲು ಬರುವುದು ಸೂರಕ್ಕಿ. ಇದನ್ನು ಹಮ್ಮಿಂಗ್‌ಬರ್ಡ್ ಅನ್ನುವವರು ತುಂಬಾ ಜನ, ಆದರೆ ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಈಗ ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಇದೆ, ಕಾರ್ನೆಲ್ ವಿಶ್ವವಿದ್ಯಾಲಯದವರದು. 2021ರಿಂದ ಕೂಗು ಕೇಳಿಸಿಕೊಂಡೇ ಹೆಸರು ಹೇಳುತ್ತದೆ. ಗಿಡಕ್ಕಾದರೆ ಐನ್ಯಾಚುರಲಿಸ್ಟ್. ಸುಮ್ನೆ ನಂಬಬೇಡಿ, ಅವು ಹೇಳುವುದು ಊಹೆ. ಹೆಸರು ಬಂದ ಮೇಲೂ ಹಕ್ಕಿ ಏನು ತಿನ್ನುತ್ತಿದೆ ಅಂತ ನೋಡಿದರೆ ಊಹೆ ಸರಿಯೋ ಅಲ್ಲವೋ ಅರ್ಧ ಗೊತ್ತಾಗುತ್ತದೆ.

ಕಂಚು ಕುಟಿಗನನ್ನೇ ತಗೊಳ್ಳಿ. ಟುಕ್ ಟುಕ್ ಟುಕ್ ಅಂತ ಒಂದೇ ಸಮ ಬಡಿದ ಸದ್ದು, ಹಕ್ಕಿ ಮಾತ್ರ ಕಾಣುವುದಿಲ್ಲ. ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುವುದರಿಂದ ಸದ್ದು ಜಾಗ ಬದಲಿಸಿದ ಹಾಗೆ ಕೇಳುತ್ತದೆ. ಸದ್ದಿನ ಹಿಂದೆ ಓಡುವ ಬದಲು ಹಣ್ಣು ಬಿಟ್ಟ ಆಲ, ಅರಳಿ, ಅತ್ತಿ, ಗೋಣಿ ಮರ ಹುಡುಕಿ. ಕುಟಿಗ, ಪಿಕಳಾರ, ಗೊರವಂಕ, ಕೋಗಿಲೆ ಎಲ್ಲ ಒಂದೇ ಪಂಕ್ತಿಯಲ್ಲಿ ಸಿಗುತ್ತವೆ. ಅಲ್ಲಿ ಮೈತುಂಬ ಬಿಳಿ ಚುಕ್ಕೆ ಇರುವ ಕಂದು ಹಕ್ಕಿ ಕಂಡರೆ ಅದು ಹೊಸ ಜಾತಿಯಲ್ಲ, ಹೆಣ್ಣು ಕೋಗಿಲೆ. ಈ ಮರಗಳೆಲ್ಲ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಇವುಗಳ ಪರಾಗ ಸಾಗಿಸುವ ಸಣ್ಣ ಕಣಜಗಳು ಬದುಕುವುದೇ ಒಂದೆರಡು ದಿನ, ಅಷ್ಟರೊಳಗೆ ಅವಕ್ಕೆ ತಮ್ಮದೇ ಜಾತಿಯ ಇನ್ನೊಂದು ಮರದ ಎಳೆಕಾಯಿ ಸಿಗಬೇಕು, ಅದಕ್ಕೇ ಒಂದೊಂದು ಮರದ್ದೂ ಒಂದೊಂದು ಸಮಯ. ನಿಮ್ಮ ಬೀದಿಯ ಗೋಣಿ ಮರ ಖಾಲಿ ಇದೆಯಾ? ಪಕ್ಕದ ಬೀದಿಯದನ್ನು ನೋಡಿ ಬನ್ನಿ.