‘ಲಾಂಗ್ ಕ್ಯೂಟಿ’ಯಲ್ಲಿ ಉದ್ದವಾಗಿರುವುದು ಏನು?

‘ಲಾಂಗ್ ಕ್ಯೂಟಿ ಅಂದರೆ ಹೃದಯ ನಿಧಾನವಾಗಿ ಬಡಿಯುವ ಕಾಯಿಲೆ’ ಎಂದು ಇನ್ನೂ ಎಷ್ಟು ಕಡೆ ಬರೆಯುತ್ತಾರೋ! ನಾಡಿ ನಿಮಿಷಕ್ಕೆ 72 ಇದ್ದವರಲ್ಲೂ ಲಾಂಗ್ ಕ್ಯೂಟಿ ಇರಬಹುದು. ಉದ್ದವಾಗಿರುವುದು ಬಡಿತಗಳ ನಡುವಿನ ಅಂತರವಲ್ಲ. ಪ್ರತಿ ಬಡಿತದಲ್ಲೂ ಹೃದಯದ ಕೆಳಕೋಣೆಗಳು ವಿದ್ಯುತ್ತನ್ನು ಹರಿಸಿ, ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗಲು ಹಿಡಿಯುವ ಹೊತ್ತು.

ಕ್ಯೂ, ಟಿ ಯಾವ ಪದಗಳ ಮೊದಲಕ್ಷರಗಳೂ ಅಲ್ಲ, ಬಿಡಿಸಿ ಹೇಳುವ ಸಾಹಸ ಬೇಡ. ಡಚ್ ವಿಜ್ಞಾನಿ ಐಂಥೋವನ್, ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿಯ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಸಾಲಾಗಿ ಹೆಸರಿಟ್ಟರು, ಅಷ್ಟೆ. ಕ್ಯೂ ಶುರುವಾದಲ್ಲಿಂದ ಟಿ ಮುಗಿಯುವವರೆಗೆ ಕ್ಯೂಟಿ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡಿದರೆ ಒಂದು ಚಿಕ್ಕ ಚೌಕಕ್ಕೆ 40 ಮಿಲಿಸೆಕೆಂಡ್. ಹತ್ತು ಚೌಕವಿದ್ದರೆ 400. ಆದರೆ ಬಡಿತ ಚುರುಕಾದಂತೆ ಕ್ಯೂಟಿ ತಾನಾಗಿ ಕುಗ್ಗುತ್ತದೆ. ಹಾಗಾಗಿ ಅದನ್ನು ಒಂದು ಬಡಿತದ ಆರ್‌ನಿಂದ ಮುಂದಿನ ಬಡಿತದ ಆರ್‌ವರೆಗಿನ ಸೆಕೆಂಡುಗಳ ವರ್ಗಮೂಲದಿಂದ ಭಾಗಿಸಬೇಕು. ಆರ್‌ಗಳ ಅಂತರ 0.64 ಸೆಕೆಂಡ್ ಇದ್ದರೆ ಅದೇ 400 ಈಗ 500! ಹೀಗೆ ಬಡಿತದ ವೇಗಕ್ಕೆ ಹೊಂದಿಸಿದ ಕ್ಯೂಟಿಯೇ ಕ್ಯೂಟಿಸಿ. ಶರೀರವಿಜ್ಞಾನಿ ಬ್ಯಾಜೆಟ್ 1920ರಲ್ಲಿ ಕೊಟ್ಟ ಈ ಸೂತ್ರ ವೇಗದ ಬಡಿತದಲ್ಲಿ ತುಸು ಹೆಚ್ಚೇ ತೋರಿಸುವುದರಿಂದ, ವಿಶ್ರಾಂತಿಯಲ್ಲಿ ಮತ್ತೊಮ್ಮೆ ಇಸಿಜಿ ತೆಗೆಯಬೇಕು. ಯಂತ್ರ ಮುದ್ರಿಸಿದ ಅಂಕಿಯನ್ನೇ ನಂಬಬಾರದು. ಟಿಯ ಬಾಲಕ್ಕಂಟಿದ ಯು ಎಂಬ ಚಿಕ್ಕ ಅಲೆಯನ್ನೂ ಅದು ಎಷ್ಟೋ ಸಲ ಸೇರಿಸಿ ಅಳೆದಿರುತ್ತದೆ. ಬೇರೆ ಕಾರಣವಿಲ್ಲದೆ ಕ್ಯೂಟಿಸಿ ಪದೇ ಪದೇ 480 ದಾಟಿದರೆ ಲಾಂಗ್ ಕ್ಯೂಟಿ ಎಂದೇ ಹಿಡಿಯುತ್ತಾರೆ. 500 ದಾಟಿದರೆ ಅಪಾಯ ಹೆಚ್ಚು.

ಅಪಾಯ ನಿಧಾನದ್ದಲ್ಲ, ವೇಗದ್ದು. ಅಣಿಯಾಗದ ಹೃದಯಕ್ಕೆ ಅಕಾಲದಲ್ಲಿ ಒಂದು ಬಡಿತ ಬಿದ್ದರೆ ಟೊರ್ಸಾಡ್ ಎಂಬ ತಿರುಚು ತಿರುಚಾದ ಅತಿವೇಗದ ಲಯ ಶುರುವಾಗಿ, ಮೆದುಳಿಗೆ ರಕ್ತ ಸಾಲದೆ ಆಳು ಕುಸಿಯುತ್ತಾನೆ. ಕೈಕಾಲು ಸೆಟೆದದ್ದು ನೋಡಿ ಮೂರ್ಛೆರೋಗವೆಂದು ವರ್ಷಗಟ್ಟಲೆ ಅದರ ಮಾತ್ರೆ ನುಂಗಿಸಿದ್ದೂ ಉಂಟು. ಕೆಟ್ಟ ಜೀನಿಗೆ ತಕ್ಕಂತೆ ಈ ಕಾಯಿಲೆಯಲ್ಲಿ ಬಗೆಗಳಿವೆ, ಕುಸಿತಕ್ಕೆ ನೆಪವೂ ಬೇರೆ ಬೇರೆ: ಒಂದನೇ ಬಗೆಯಲ್ಲಿ ಈಜು, ಓಟ; ಎರಡನೆಯದರಲ್ಲಿ ಹಠಾತ್ ಅಲಾರಂ ಸದ್ದು; ಮೂರನೆಯದರಲ್ಲಿ ಹೆಚ್ಚಾಗಿ ನಿದ್ದೆಯ ಹೊತ್ತು.

ತಪ್ಪು ಅರ್ಥದ ನಿಜವಾದ ಹಾನಿ ಚಿಕಿತ್ಸೆಯಲ್ಲಿದೆ. ಮೊದಲ ಮದ್ದು ಬೀಟಾ ಬ್ಲಾಕರ್, ಹೃದಯಕ್ಕೆ ಅಡ್ರಿನಲಿನ್ ತಟ್ಟದಂತೆ ತಡೆಯುವಂಥದ್ದು. ಅದು ಬಡಿತವನ್ನೂ ಇಳಿಸುತ್ತದೆ. ‘ಹೃದಯ ಮೊದಲೇ ನಿಧಾನ, ಇದು ಯಾಕೆ?’ ಎಂದು ಮನೆಯವರು ನಿಲ್ಲಿಸಿಬಿಟ್ಟರೆ ಅಡ್ರಿನಲಿನ್‌ಗಿದ್ದ ತಡೆಯೇ ಹೋಯಿತು. ಬೀಟಾ ಬ್ಲಾಕರ್‌ಗಳಲ್ಲಿ ಈ ಕಾಯಿಲೆಗೆ ನಾಡೊಲಾಲ್, ಪ್ರೊಪ್ರಾನೊಲಾಲ್ ಮೇಲು; ಮೆಟೊಪ್ರೊಲಾಲ್ ಅಷ್ಟು ಕಾಯುವುದಿಲ್ಲ. ಮೂರನೇ ಬಗೆಗೆ ಮೆಕ್ಸಿಲೆಟಿನ್ ಎಂಬ ಮದ್ದನ್ನೂ ಸೇರಿಸುವುದುಂಟು. ಹೃದಯ ನಿಂತು ಬದುಕುಳಿದವರಿಗೆ ಐಸಿಡಿ, ಅಂದರೆ ಲಯ ಕೆಟ್ಟಾಗ ಮೈಯೊಳಗಿಂದಲೇ ಶಾಕ್ ಕೊಡುವ ಯಂತ್ರ.

ಸಾಮಾನ್ಯ ಬಗೆಗಳಲ್ಲಿ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂದು ಇಸಿಜಿ ಸರಿಯಿದೆಯೆಂದು ಒಡಹುಟ್ಟಿದವರನ್ನು ಬಿಡುವಂತಿಲ್ಲ. ಜೀನ್ ಕೆಟ್ಟಿದ್ದೂ ವಿಶ್ರಾಂತಿಯಲ್ಲಿ ಕ್ಯೂಟಿ ಸರಿಯಾಗಿಯೇ ಕಾಣುವವರಿದ್ದಾರೆ. ಟ್ರೆಡ್‌ಮಿಲ್ ನಿಂತ ನಾಲ್ಕನೇ ನಿಮಿಷದ ಇಸಿಜಿಯಲ್ಲಿ ಇಂಥವರು ಸಿಕ್ಕಿಬೀಳಬಹುದು. ವಾಂತಿಭೇದಿಯಾದಾಗ ವಿಶೇಷ ಎಚ್ಚರ ಬೇಕು: ಪೊಟ್ಯಾಸಿಯಂ ಇಳಿದು ಕ್ಯೂಟಿ ಹಿಗ್ಗಿರುತ್ತದೆ, ವಾಂತಿ ನಿಲ್ಲಿಸಲು ಕೊಡುವ ಒಂಡಾನ್ಸೆಟ್ರಾನ್ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ.